ಅಂಗುಲ ನೋಡಿ ಮಾನಿಟರು ಕೊಳ್ಳಬೇಡಿ

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಮರುವಾರವೇ ಅಪ್ಪ-ಮಗ ಇಬ್ಬರೂ ನಮ್ಮ ಮನೆಗೆ ಬಂದರು. ಅಪ್ಪ ನನ್ನ ಹಳೆಯ ವಿದ್ಯಾರ್ಥಿ; ನಾನು ಮೇಷ್ಟ್ರಾಗಿ ಸೇರಿದ ಹೊಸದರಲ್ಲಿ ನನ್ನ ಬಳಿ ಹತ್ತನೇ ತರಗತಿ ಓದಿದವನು. ಈಗ ಊರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಮೊಳೆ, ಬೀಗ, ಪೈಪು ಮಾರುವ ಹಾರ್ಡ್‌ವೇರ್, ಕಂಪ್ಯೂಟರಿನದಲ್ಲ. ಪರೀಕ್ಷೆ ಚೆನ್ನಾಗಿ ಬರೆದರೆ ಹೊಸ ಕಂಪ್ಯೂಟರು ಕೊಡಿಸುತ್ತೇನೆಂದು ಮಗನಿಗೆ ಮಾತು ಕೊಟ್ಟಿದ್ದನಂತೆ. ಮಗ ಒಂದು ಪಟ್ಟಿ ಬರೆದು ತಂದಿದ್ದ. ಅದರ ಮೊದಲ ಸಾಲೇ "32 ಇಂಚು, 4ಕೆ ಮಾನಿಟರ್".

"ನೀವೇ ಸ್ವಲ್ಪ ಬುದ್ಧಿ ಹೇಳಿ ಸಾರ್" ಎಂದ ಅಪ್ಪ. "ನಮ್ಮ ಮನೆ ಹಾಲಿನಲ್ಲಿರೋ ಟಿವಿಯೇ 32 ಇಂಚು. ಅಷ್ಟು ದೊಡ್ಡದನ್ನ ಮೂಗಿನ ಮುಂದೆ ಇಟ್ಕೊಂಡು ಆಟ ಆಡ್ತಾನಂತೆ. ಕಣ್ಣು ಉಳಿಯುತ್ತಾ?"

ಮಗನ ವಾದ ಬೇರೆ. "ಈಗ ಇರೋ 19 ಇಂಚಿನದರಲ್ಲಿ ಏನೂ ಕಾಣಲ್ಲ ಸಾರ್. ದೂರದಲ್ಲಿರೋ ಶತ್ರು ಬರೀ ಮಸುಕು. ಅವನು ಯಾರು ಅಂತ ಗೊತ್ತಾಗೋಷ್ಟರಲ್ಲಿ ನಾನು ಸತ್ತಿರ್ತೀನಿ."

ಈ ಮಾತನ್ನು ನೆನಪಿಟ್ಟುಕೊಳ್ಳಿ. ಆಗ ನಾನೂ ಅದನ್ನು ಲಘುವಾಗಿ ತೆಗೆದುಕೊಂಡುಬಿಟ್ಟೆ.

ಕಂಪ್ಯೂಟರಿನಲ್ಲಿ ಆಟ ಆಡುವುದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಆಡುವ ಮಕ್ಕಳು ಆಡಿಯೇ ಆಡುತ್ತಾರೆ. ಹಣ ಹಾಕುವುದಂತೂ ಹೌದು ಎಂದಾದ ಮೇಲೆ ಸರಿಯಾದುದಕ್ಕೆ ಹಾಕೋಣ ಎನ್ನುವುದಷ್ಟೇ ನನ್ನ ಮಾತು. ಇದಕ್ಕೆ ಬೇಕಾಗುವ ಗಣಿತ ಹತ್ತನೇ ತರಗತಿಯ ಪೈಥಾಗೊರಸ್ ಪ್ರಮೇಯಕ್ಕಿಂತ ಹೆಚ್ಚೇನಲ್ಲ.

ಮೊದಲನೆಯದಾಗಿ, ಅಂಗಡಿಯವರು ಹೇಳುವ ಇಂಚು ಅಗಲವೂ ಅಲ್ಲ, ಎತ್ತರವೂ ಅಲ್ಲ, ಅದು ಕರ್ಣ. ಮೂಲೆಯಿಂದ ಮೂಲೆಗೆ ಎಳೆದ ಗೆರೆ. ಈಗಿನ ಸಾಮಾನ್ಯ ಪರದೆಗಳಲ್ಲಿ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ 16:9. ಹಾಗಾಗಿ 24 ಇಂಚಿನ ಮಾನಿಟರಿನ ನಿಜವಾದ ಅಗಲ ಸುಮಾರು 53 ಸೆಂಟಿಮೀಟರ್, 27ರದು 60, 32ರದು 71. ಹಿಂದೆ, ಹೊಟ್ಟೆ ಮುಂದಿದ್ದ ಗಾಜಿನ ಮಾನಿಟರುಗಳ ಕಾಲದಲ್ಲಿ, ಇದರಲ್ಲೂ ಒಂದು ಮೋಸವಿತ್ತು. ಕೊಳವೆಯ ಪೂರ್ತಿ ಕರ್ಣವನ್ನು ಹೇಳುತ್ತಿದ್ದರು. 15 ಇಂಚು ಎಂದು ತಂದರೆ ಕಾಣುವ ಭಾಗ 14 ಇಂಚೂ ಇರುತ್ತಿರಲಿಲ್ಲ. ಚಪ್ಪಟೆ ಪರದೆ ಬಂದ ಮೇಲೆ ಆ ಮೋಸ ನಿಂತಿದೆ.

ಎರಡನೆಯದು ರೆಸಲ್ಯೂಷನ್. ಪರದೆಯ ಮೇಲಿನ ಚಿತ್ರವೆಲ್ಲ ಚುಕ್ಕಿಗಳಿಂದ ಆದದ್ದು. ರಂಗೋಲಿ ಹಾಕುವವರಿಗೆ ಇದನ್ನು ವಿವರಿಸಬೇಕಿಲ್ಲ. ಪ್ರತಿ ಚುಕ್ಕಿಯೂ ಒಂದು ಪಿಕ್ಸೆಲ್. ಅಡ್ಡಡ್ಡಲಾಗಿ 1920, ಮೇಲಿಂದ ಕೆಳಕ್ಕೆ 1080 ಚುಕ್ಕಿಗಳಿದ್ದರೆ ಅದು ಫುಲ್ ಎಚ್‌ಡಿ, ಮಕ್ಕಳ ಬಾಯಲ್ಲಿ 1080ಪಿ. ಗುಣಿಸಿದರೆ 20,73,600 ಚುಕ್ಕಿಗಳು. 2560 ಮತ್ತು 1440 ಇದ್ದರೆ 1440ಪಿ, ಒಟ್ಟು 36,86,400. 4ಕೆ ಎಂದರೆ 3840 ಮತ್ತು 2160, ಒಟ್ಟು 82,94,400. ಅಂದರೆ ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕು ಪಟ್ಟು. 1993ರಲ್ಲಿ ಬಂದ 'ಡೂಮ್' ಎಂಬ ಆಟ ಇಡೀ ಜಗತ್ತನ್ನೇ ಹುಚ್ಚು ಹಿಡಿಸಿದ್ದು 320 ಅಡ್ಡ, 200 ಉದ್ದ, ಒಟ್ಟು ಬರೀ 64 ಸಾವಿರ ಚುಕ್ಕಿಗಳಲ್ಲಿ!

ಇನ್ನು ಮುಖ್ಯ ವಿಷಯ. ಇಂಚು ಬೇರೆ, ಚುಕ್ಕಿಗಳ ಸಂಖ್ಯೆ ಬೇರೆ. ಇವೆರಡನ್ನೂ ಕೂಡಿಸಿ ನೋಡದೆ ಇದ್ದರೆ ಏನಾಗುತ್ತದೆಂಬುದಕ್ಕೆ ನಾನೇ ಉದಾಹರಣೆ. 2020ರ ಲಾಕ್‌ಡೌನಿನಲ್ಲಿ ಮಗಳ ಆನ್‌ಲೈನ್ ತರಗತಿಗೆಂದು ಮಾನಿಟರು ತಂದೆ. ದೊಡ್ಡದಿದ್ದರೆ ಕಣ್ಣಿಗೆ ಹಿತ ಎಂದು 27 ಇಂಚಿನದನ್ನೇ ಆರಿಸಿದೆ. ಬೆಲೆಯೂ ಅಗ್ಗವಿತ್ತು. ಅಗ್ಗ ಏಕೆಂದು ಮನೆಗೆ ಬಂದ ಮೇಲೆ ತಿಳಿಯಿತು: ಅದು 1080ಪಿ. 24 ಇಂಚಿನಲ್ಲಿ ಇರುವಷ್ಟೇ ಚುಕ್ಕಿಗಳನ್ನು ಹಿಗ್ಗಿಸಿ 27 ಇಂಚಿಗೆ ಹರಡಿದ್ದರು. ವಿಸ್ತೀರ್ಣ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದಲ್ಲವೇ? 27ನ್ನು 24ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 1.27. ಪ್ರತಿ ಚುಕ್ಕಿಯೂ ಶೇಕಡಾ 27ರಷ್ಟು ದಪ್ಪ. ಅಕ್ಷರಗಳ ಅಂಚು ಗರಗಸದ ಹಲ್ಲಿನಂತೆ ಕಾಣುತ್ತಿತ್ತು. ವಾಪಸು ಕೊಡಲು ಹೋದರೆ ಅಂಗಡಿಯವರು "ಕೆಟ್ಟಿಲ್ಲವಲ್ಲ ಸಾರ್" ಎಂದರು. ಅದೂ ನಿಜವೇ. ವಿಜ್ಞಾನ ಪಾಠ ಮಾಡುವವನೇ ಹೀಗೆ ಏಮಾರಿದೆನೆಂದು ಮನೆಯಲ್ಲಿ ಇವತ್ತಿಗೂ ಹಂಗಿಸುತ್ತಾರೆ.

ಹಾಗಾದರೆ ಚುಕ್ಕಿ ಎಷ್ಟು ಸಣ್ಣದಿರಬೇಕು? ಇದಕ್ಕೆ ಉತ್ತರ ಕಂಪ್ಯೂಟರಿನಲ್ಲಿಲ್ಲ, ಕಣ್ಣಿನಲ್ಲಿದೆ. ಒಂದು ಡಿಗ್ರಿ ಕೋನವನ್ನು 60 ಭಾಗ ಮಾಡಿದರೆ ಒಂದು ಭಾಗಕ್ಕೆ ಒಂದು ಮಿನಿಟ್ ಎನ್ನುತ್ತಾರೆ. ಆರೋಗ್ಯವಂತ ಕಣ್ಣು ಸುಮಾರು ಒಂದು ಮಿನಿಟ್ ಕೋನದಷ್ಟು ಅಂತರವನ್ನು ಬೇರ್ಪಡಿಸಿ ನೋಡಬಲ್ಲದು. ಕೆಲವರಿಗೆ ಇದಕ್ಕಿಂತ ಚುರುಕು ಕಣ್ಣಿರುತ್ತದೆ. ಕಣ್ಣಿನ ಡಾಕ್ಟರ ಗೋಡೆಯ ಮೇಲಿನ ಅಕ್ಷರಗಳ ಚಾರ್ಟ್ ಇದೇ ಲೆಕ್ಕದ ಮೇಲೆ ನಿಂತಿದೆ. 6/6 ಎಂಬ ಸಾಲಿನ ಅಕ್ಷರದ ಒಂದೊಂದು ಗೆರೆಯ ದಪ್ಪವೂ 6 ಮೀಟರ್ ದೂರಕ್ಕೆ ಒಂದು ಮಿನಿಟ್. ಸೂತ್ರ ಬೇಕಾದವರು ಬರೆದುಕೊಳ್ಳಿ: ಚುಕ್ಕಿಯ ಗಾತ್ರವನ್ನು 3438ರಿಂದ ಗುಣಿಸಿದರೆ ಎಷ್ಟು ದೂರದಿಂದಾಚೆ ಆ ಚುಕ್ಕಿ ಬಿಡಿಯಾಗಿ ಕಾಣದೆಂಬುದು ಸಿಗುತ್ತದೆ.

24 ಇಂಚಿನ 1080ಪಿ ಪರದೆಯ ಚುಕ್ಕಿ 0.28 ಮಿಲಿಮೀಟರ್, ದೂರ ಸುಮಾರು 95 ಸೆಂಟಿಮೀಟರ್. ನಾನು ತಂದ 27ರದು 0.31, ದೂರ 107 ಸೆಂಟಿಮೀಟರ್. ಅದೇ 27 ಇಂಚಿನಲ್ಲಿ 1440ಪಿ ಇದ್ದರೆ 0.23, ದೂರ 80. ಹುಡುಗ ಕೇಳಿದ 32 ಇಂಚಿನ 4ಕೆ 0.18, ದೂರ 63. ನಾವು ಮೇಜಿನ ಮುಂದೆ ಕೂರುವುದು ಸಾಮಾನ್ಯವಾಗಿ ಒಂದು ಕೈಯಳತೆ, 60ರಿಂದ 70 ಸೆಂಟಿಮೀಟರ್. ಹಾಗೆ ನೋಡಿದರೆ ಹುಡುಗನ ಆಯ್ಕೆಯೇ ಸರಿ ಎನಿಸೀತು. ಆದರೆ 24ರ 1080ಪಿಯಲ್ಲೂ 27ರ 1440ಪಿಯಲ್ಲೂ ಚುಕ್ಕಿಗಳು ಹುಡುಕಿದರೆ ಕಂಡಾವು, ಆಟದ ಭರದಲ್ಲಿ ಕಾಣವು. 32 ಇಂಚಿಗೆ 1440ಪಿ ಹಾಕಿದರೂ ಚುಕ್ಕಿ 0.28 ಮಿಲಿಮೀಟರೇ, 24ರ 1080ಪಿಗೂ ಅದಕ್ಕೂ ನವಿರಿನಲ್ಲಿ ವ್ಯತ್ಯಾಸವಿಲ್ಲ.

4ಕೆ ಏಕೆ ಬೇಡವೆಂದೆ? ಚುಕ್ಕಿಗಳನ್ನು ತುಂಬುವವರು ಯಾರು ಎಂದು ಕೇಳಿಕೊಳ್ಳಿ. ಸಿನಿಮಾ ನೋಡುವಾಗ ಚಿತ್ರ ಸಿದ್ಧವಾಗಿಯೇ ಬರುತ್ತದೆ. ಆಟದಲ್ಲಿ ಹಾಗಲ್ಲ, ನೀವು ಮೌಸ್ ತಿರುಗಿಸಿದಂತೆಲ್ಲ ಪ್ರತಿ ಚಿತ್ರವನ್ನೂ ಗ್ರಾಫಿಕ್ಸ್ ಕಾರ್ಡು ಆ ಕ್ಷಣದಲ್ಲೇ ಬರೆಯಬೇಕು. ಹಳೆಯ ಮಾನಿಟರು ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸಿದರೆ, ಆಟದವರು ಬಯಸುವುದು 144 ಬಾರಿ. ಇದನ್ನೇ ರಿಫ್ರೆಶ್ ರೇಟ್, 144 ಹರ್ಟ್ಸ್ ಎನ್ನುವುದು. ಒಂದೊಂದು ಚಿತ್ರಕ್ಕೆ ಸಿಗುವ ಸಮಯ 7 ಮಿಲಿಸೆಕೆಂಡಿಗಿಂತ ಕಡಿಮೆ. 1080ಪಿಯಲ್ಲಿ 144 ಹರ್ಟ್ಸ್ ಎಂದರೆ ಸೆಕೆಂಡಿಗೆ ಸುಮಾರು 30 ಕೋಟಿ ಚುಕ್ಕಿಗಳು. 1440ಪಿಯಲ್ಲಿ 53 ಕೋಟಿ. 4ಕೆಯಲ್ಲಿ 119 ಕೋಟಿ! ಹುಡುಗನ ಪಟ್ಟಿಯ ಕೆಳಗಿನ ಸಾಲಿನಲ್ಲಿ ಕಾರ್ಡಿನ ಹೆಸರು ನೋಡಿದೆ: ಆರ್‌ಟಿಎಕ್ಸ್ 4060. 2023ರಲ್ಲಿ ಬಂದ ಈ ಕಾರ್ಡನ್ನು ತಯಾರಿಸಿದ ಕಂಪನಿಯೇ ಅದನ್ನು 1080ಪಿ ಆಟಗಳಿಗೆಂದು ಪರಿಚಯಿಸಿತ್ತು. ಒಂಟೆತ್ತಿನ ಗಾಡಿಗೆ ಲಾರಿಯ ಹೊರೆ ಹೇರಿದಂತೆ.

"ಆಗದಿದ್ರೆ ರೆಸಲ್ಯೂಷನ್ ಕಡಿಮೆ ಮಾಡ್ಕೊಂಡು ಆಡ್ತೀನಿ ಸಾರ್" ಎಂದ. ಆಡಬಹುದು. 4ಕೆ ಪರದೆಯಲ್ಲಿ 1080ಪಿ ಹಾಕಿದರೆ ಅಡ್ಡಕ್ಕೂ ಉದ್ದಕ್ಕೂ ಸರಿಯಾಗಿ ಎರಡು ಪಟ್ಟು. ಒಂದು ಚುಕ್ಕಿಯ ಜಾಗದಲ್ಲಿ ನಾಲ್ಕು. ಚಿತ್ರ ಅಷ್ಟೇನೂ ಕೆಡುವುದಿಲ್ಲ, ಆದರೆ ಆಗ 32 ಇಂಚಿಗೆ ಹಿಗ್ಗಿಸಿದ 1080ಪಿ ನೋಡಲು 4ಕೆಯ ಬೆಲೆ ಕೊಟ್ಟಂತಾಯಿತು. 1440ಪಿ ಪರದೆಯಲ್ಲಿ 1080ಪಿ ಹಾಕಿದರೆ ಇನ್ನೊಂದು ತೊಡಕು. 2560ನ್ನು 1920ರಿಂದ ಭಾಗಿಸಿದರೆ 1.33. ಒಂದು ಚುಕ್ಕಿಯನ್ನು ಒಂದೂಮೂರನೇ ಒಂದು ಚುಕ್ಕಿಗೆ ಹಂಚುವುದು ಹೇಗೆ? ಪಕ್ಕದವುಗಳ ಬಣ್ಣ ಕಲಸಿ ಹಂಚುತ್ತದೆ, ಚಿತ್ರ ಮಸುಕಾಗುತ್ತದೆ. ಗಾಜಿನ ಮಾನಿಟರುಗಳಿಗೆ ಈ ತಾಪತ್ರಯ ಇರಲಿಲ್ಲ; ಅವು ಯಾವ ರೆಸಲ್ಯೂಷನ್ ಕೊಟ್ಟರೂ ಹೆಚ್ಚುಕಡಿಮೆ ಚೊಕ್ಕವಾಗಿ ತೋರಿಸುತ್ತಿದ್ದವು. ಈಗಿನ ಆಟಗಳಲ್ಲಿ ಕಡಿಮೆ ಚುಕ್ಕಿಯಲ್ಲಿ ಚಿತ್ರ ಬರೆದು ಜಾಣತನದಿಂದ ಹಿಗ್ಗಿಸುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಎಂಬ ಉಪಾಯಗಳಿವೆ, ನಿಜ. ಉಪಾಯವನ್ನೇ ನಂಬಿ ಸಾಮಾನು ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಮೇಜನ್ನೂ ಅಳೆಯಬೇಕು. ಇವರ ಮನೆಯ ಮೇಜಿನ ಅಗಲ ಒಂದೂವರೆ ಅಡಿ. ಮಾನಿಟರಿನ ಕಾಲೇ ಅದರಲ್ಲಿ ಅರ್ಧಕ್ಕೂ ಹತ್ತಿರ ತಿನ್ನುತ್ತದೆ. 71 ಸೆಂಟಿಮೀಟರ್ ಅಗಲದ ಪರದೆಯನ್ನು 60 ಸೆಂಟಿಮೀಟರ್ ದೂರದಿಂದ ನೋಡಿದರೆ ಅಂಚಿನಿಂದ ಅಂಚಿಗೆ 61 ಡಿಗ್ರಿ. ಒಂದು ಮೂಲೆಯಲ್ಲಿ ಗುಂಡುಗಳ ಲೆಕ್ಕ, ಇನ್ನೊಂದು ಮೂಲೆಯಲ್ಲಿ ನಕ್ಷೆ. ಕುತ್ತಿಗೆ ತಿರುಗಿಸುತ್ತಲೇ ಇರಬೇಕು. 24 ಇಂಚಿನದಾದರೆ 48 ಡಿಗ್ರಿ. ವೇಗದ ಆಟ ಆಡುವವರು ದೊಡ್ಡ ಪರದೆಗಿಂತ 24ರ ಸುತ್ತಮುತ್ತಲಿನದನ್ನೇ ಇಷ್ಟಪಡುವುದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಹೇಳಿದ ಮೇಲೂ ಹುಡುಗ ಒಪ್ಪಲಿಲ್ಲ. "ಆದ್ರೂ ಚಿಕ್ಕದರಲ್ಲಿ ಕಾಣಲ್ಲ ಸಾರ್" ಎಂದು ಅದೇ ಮಾತು. ಆಗ ನನಗೆ ತಲೆಗೆ ಹೊಳೆಯಿತು. ಒಂದು ಬಿಳಿ ಹಾಳೆ ತೆಗೆದುಕೊಂಡು ಅದರ ಮೇಲೆ ಒಂದು ಮಿಲಿಮೀಟರ್ ದಪ್ಪದ ಎರಡು ಕಪ್ಪು ಗೆರೆ ಎಳೆದೆ, ನಡುವೆ ಒಂದು ಮಿಲಿಮೀಟರ್ ಬಿಳಿ ಜಾಗ ಬಿಟ್ಟೆ. ನಮ್ಮ ಹಜಾರದ ಗೋಡೆಗೆ ಅಂಟಿಸಿ, ಟೇಪು ಹಿಡಿದು 3.4 ಮೀಟರ್ ಅಳೆದು ಸೀಮೆಸುಣ್ಣದಲ್ಲಿ ಗೆರೆ ಹಾಕಿದೆ. ಒಂದು ಮಿಲಿಮೀಟರನ್ನು 3438ರಿಂದ ಗುಣಿಸಿದರೆ ಬರುವುದು ಇದೇ ದೂರ. ಅಪ್ಪನನ್ನು ನಿಲ್ಲಿಸಿದೆ. "ಎರಡು ಗೆರೆ" ಎಂದ ತಕ್ಷಣ. ಮಗನನ್ನು ನಿಲ್ಲಿಸಿದೆ. "ಗೆರೆ ಎಲ್ಲಿದೆ ಸಾರ್?"

ಒಂದೊಂದೇ ಹೆಜ್ಜೆ ಮುಂದೆ ಬಾ ಎಂದೆ. ಎರಡು ಮೀಟರಿಗೆ ಬಂದ, ಒಂದು ಮೀಟರಿಗೆ ಬಂದ. ಎರಡಡಿಯಷ್ಟು ಹತ್ತಿರ ಬಂದ ಮೇಲೆ "ಹಾಂ, ಈಗ ಎರಡು" ಎಂದ. ಅಪ್ಪನ ಮುಖ ನೋಡಲಾಗಲಿಲ್ಲ. ಹುಡುಗ ಎರಡು ವರ್ಷದಿಂದ ಕಾಲೇಜಿನಲ್ಲಿ ಮುಂದಿನ ಬೆಂಚನ್ನೇ ಹಿಡಿದು ಕೂರುತ್ತಿದ್ದನಂತೆ. ಓದಿನ ಶ್ರದ್ಧೆ ಎಂದುಕೊಂಡು ಮನೆಯವರು ಸಂತೋಷಪಟ್ಟಿದ್ದರು.

ಮರುದಿನ ಕಣ್ಣಿನ ಡಾಕ್ಟರಲ್ಲಿ ತೋರಿಸಿದರು. ಎರಡೂ ಕಣ್ಣಿಗೆ ಮೈನಸ್ ಎರಡು. ಹತ್ತನೇ ತರಗತಿಯ ಸೂತ್ರವನ್ನೇ ಹಾಕಿ ನೋಡಿ: ಒಂದನ್ನು ಎರಡರಿಂದ ಭಾಗಿಸಿದರೆ ಅರ್ಧ ಮೀಟರ್. ಕನ್ನಡಕವಿಲ್ಲದೆ ಅವನಿಗೆ ಸ್ಪಷ್ಟವಾಗಿ ಕಾಣುವುದು 50 ಸೆಂಟಿಮೀಟರ್‌ವರೆಗೆ ಮಾತ್ರ. 60-70 ಸೆಂಟಿಮೀಟರ್ ದೂರದ ಪರದೆ, ಅದು 19 ಇಂಚಿರಲಿ 32 ಇಂಚಿರಲಿ, ಎಂಟು ಸಾವಿರ ಚುಕ್ಕಿ ಇರಲಿ ಎಂಬತ್ತು ಲಕ್ಷವಿರಲಿ, ಅವನ ಮಟ್ಟಿಗೆ ಮಸುಕೇ. ಅದಕ್ಕೇ ಮುಂದಕ್ಕೆ ಬಾಗಿ ಬಾಗಿ ಆಡುತ್ತಿದ್ದ. ಆ ಹಾಳೆಯ ಪರೀಕ್ಷೆಯನ್ನು ನಿಮ್ಮ ಮನೆಯಲ್ಲೂ ಮಾಡಬಹುದು, ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಇನ್ನೂ ಒಳ್ಳೆಯದು. ಆದರೆ ಅದು ಡಾಕ್ಟರ ತಪಾಸಣೆಗೆ ಬದಲಿಯಲ್ಲ. ಗೆರೆ ಎರಡಾಗಿ ಕಂಡವರಿಗೂ ಬೇರೆ ತೊಂದರೆ ಇರಬಹುದು. ಅಂದ ಹಾಗೆ, ದೂರದ ಗೆರೆಗಳನ್ನು ಥಟ್ಟನೆ ಹೇಳಿದ ಅಪ್ಪ, ಮಗನ ಪಟ್ಟಿ ಓದುವಾಗ ಹಾಳೆಯನ್ನು ಮಾರುದ್ದ ಹಿಡಿದಿದ್ದ. ಅವನಿಗೂ ಚೀಟಿ ಬರೆಸಿಕೊಂಡು ಬರಲು ಹೇಳಿದೆ.

ಕನ್ನಡಕ ಬಂದ ಮೇಲೆ ಮೂವರೂ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಅಂಗಡಿಯಲ್ಲಿ 24 ಇಂಚಿನ 1080ಪಿ, 27 ಇಂಚಿನ 1440ಪಿ ಎರಡನ್ನೂ ಅಕ್ಕಪಕ್ಕ ಹಾಕಿಸಿ, ಕೈಯಳತೆಯಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಹುಡುಗ 24ರದನ್ನೇ ಒಪ್ಪಿದ, 144 ಹರ್ಟ್ಸಿನದು. ಉಳಿದ ಹಣದಲ್ಲಿ ಬೆನ್ನಿಗೆ ಆಸರೆಯಿರುವ ಒಂದು ಕುರ್ಚಿ ಬಂತು. ಮುಂದೆ ಇಂಜಿನಿಯರಿಂಗಿಗೆ ಸೇರಿ ಡ್ರಾಯಿಂಗು, ಕೋಡಿಂಗು ಹೆಚ್ಚಾಗಿ, ಕಾರ್ಡೂ ಬಲವಾದದ್ದಿದ್ದರೆ 27ರ 1440ಪಿ ಕೊಳ್ಳಿ ಎಂದೇ ನಾನು ಹೇಳುತ್ತಿದ್ದೆ. ಓದಿಗೂ ಆಟಕ್ಕೂ ಹದವಾದದ್ದು ಅದು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ "1 ಮಿಲಿಸೆಕೆಂಡ್" ಎಂಬುದಕ್ಕೆ ಮಾತ್ರ ಮರುಳಾಗಬೇಡಿ. ಅದು ಕಂಪನಿಯವರು ತಮಗೆ ಅನುಕೂಲವಾದ ರೀತಿಯಲ್ಲಿ ಅಳೆದದ್ದು.

ವಾರವಾದ ಮೇಲೆ ಹುಡುಗ ಫೋನು ಮಾಡಿದ. "144 ಅಂತ ತಗೊಂಡ್ವಿ ಸಾರ್, ಹಳೇದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ." ವಿಂಡೋಸಿನ ಡಿಸ್‌ಪ್ಲೇ ಸೆಟಿಂಗಿಗೆ ಹೋಗಿ ನೋಡು ಎಂದೆ. ಅದು 60ರಲ್ಲೇ ನಿಂತಿತ್ತು. 144 ಆರಿಸಲು ಹೋದರೆ ಪಟ್ಟಿಯಲ್ಲೇ ಇರಲಿಲ್ಲ. ವಿಚಾರಿಸಿದರೆ, ಮಾನಿಟರಿನ ಜೊತೆ ಬಂದ ಡಿಸ್‌ಪ್ಲೇಪೋರ್ಟ್ ಕೇಬಲ್ಲನ್ನು ಡಬ್ಬಿಯಲ್ಲೇ ಬಿಟ್ಟು, ಗ್ರಾಫಿಕ್ಸ್ ಕಾರ್ಡಿಗೂ ಹಾಕದೆ ಕಂಪ್ಯೂಟರಿನ ಮದರ್‌ಬೋರ್ಡಿನ ಕಿಂಡಿಗೆ ಹಳೆಯ ಎಚ್‌ಡಿಎಂಐ ತಂತಿ ಸಿಕ್ಕಿಸಿದ್ದ. ಅಷ್ಟು ದುಡ್ಡು ಕೊಟ್ಟು ತಂದ ಕಾರ್ಡು ವಾರವಿಡೀ ಸುಮ್ಮನೆ ಕೂತಿತ್ತು. ತಂತಿ ಬದಲಿಸಿದ ಮೇಲೆ ಮತ್ತೆ ಫೋನು ಬರಲಿಲ್ಲ. ಹಳೆಯ 19 ಇಂಚಿನದು ಈಗ ಅಪ್ಪನ ಅಂಗಡಿಯಲ್ಲಿದೆ, ಬಿಲ್ಲು ಹಾಕಲು.