ಗೋಸುಂಬೆಗೆ ಬಸಳೆ ಸೊಪ್ಪಿನ ಊಟ

ಸಸ್ಯಾಹಾರಿಗಳ ಮನೆಯಲ್ಲಿ ಸಾಕಿದ ಮಾತ್ರಕ್ಕೆ ಗೋಸುಂಬೆ ಸಸ್ಯಾಹಾರಿಯಾಗುವುದಿಲ್ಲ. ಇಷ್ಟು ಸರಳವಾದ ಸಂಗತಿಯನ್ನು ಲೇಖನವಾಗಿ ಬರೆಯಬೇಕಾದೀತೆಂದು ನಾನು ಎಣಿಸಿರಲಿಲ್ಲ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಬೇರೆ ಬೇರೆ ಮನೆಗಳಿಂದ ಒಂದೇ ಪ್ರಶ್ನೆ ನನ್ನ ಬಳಿಗೆ ಬಂದಿದೆ: ಸಾಕಿದ ಗೋಸುಂಬೆಗೆ ಯಾವ ಸೊಪ್ಪು ಹಾಕಿದರೆ ಅಪಾಯವಿಲ್ಲ? ಕೇಳಿದವರೆಲ್ಲರೂ ವಿದ್ಯಾವಂತರು, ಪ್ರಾಣಿಗಳ ಮೇಲೆ ಕರುಣೆಯುಳ್ಳವರು. ಅವರಲ್ಲೊಬ್ಬ ನನ್ನ ಹಳೆಯ ವಿದ್ಯಾರ್ಥಿ. "ಮಾಷ್ಟ್ರೇ, ಬಸ್ಳಿ ಸೊಪ್ಪ್ ಹಾಕ್ರೆ ಮುಟ್ಟುದಿಲ್ಲ, ಇನ್ನೆಂತ ಹಾಕುದ್?" ಎಂದು ಕೇಳಿದ. ಹುಳು ಕೊಡಪ್ಪಾ ಎಂದರೆ, ದೇವರ ಕೋಣೆಯಿರುವ ಮನೆಯೊಳಗೆ ಹುಳುಹುಪ್ಪಟೆ ತಂದು ಕೊಲ್ಲಿಸುವುದಕ್ಕೆ ತಾಯಿ ಒಪ್ಪುವುದಿಲ್ಲವೆಂದ. ಪ್ರಾಣಿಯ ಪ್ರಾಣ ಹೋಗುತ್ತಿರುವುದು ಈ ಉತ್ತರದಿಂದಲೇ.

ಮೊದಲು ಹೆಸರಿನ ಗೊಂದಲವನ್ನು ತೀರಿಸಿಕೊಳ್ಳೋಣ. ನಮ್ಮ ಬೇಲಿಗಳ ಮೇಲೆ ತಲೆಯಾಡಿಸುತ್ತ ಕೂರುವ, ಮಿಲನದ ಕಾಲದಲ್ಲಿ ಗಂಡಿನ ಕತ್ತು ಕೆಂಪೇರುವ ಪ್ರಾಣಿ ಓತಿಕ್ಯಾತ. ಅದನ್ನೇ ಗೋಸುಂಬೆಯೆನ್ನುವವರು ನಮ್ಮಲ್ಲಿ ಬಹಳ. ಅಡಿಕೆ ಮರದಿಂದ ಮರಕ್ಕೆ ತೇಲಿಹೋಗುವುದು ಹಾರುವ ಓತಿ. ತೇಜಸ್ವಿಯವರ ‘ಕರ್ವಾಲೋ’ ಓದಿದವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ನಿಜವಾದ ಗೋಸುಂಬೆ ಇವೆರಡೂ ಅಲ್ಲ. ಅದು ಕರಾವಳಿಗಿಂತ ಹೆಚ್ಚಾಗಿ ಒಣಪ್ರದೇಶಗಳ ಕುರುಚಲು ಕಾಡಿನ ಜೀವಿ. ಇಕ್ಕುಳದಂತೆ ಎರಡು ಪಾಲಾದ ಬೆರಳುಗಳು, ಒಂದೊಂದು ದಿಕ್ಕಿಗೆ ಹೊರಳುವ ಕಣ್ಣುಗಳು, ಕೊಂಬೆಗೆ ಸುತ್ತಿಕೊಳ್ಳುವ ಬಾಲ, ದೇಹಕ್ಕಿಂತ ಉದ್ದಕ್ಕೆ ಚಿಮ್ಮಬಲ್ಲ ನಾಲಗೆ. ಮೂರಕ್ಕೂ ಮುಖ್ಯ ಆಹಾರ ಇರುವೆ, ಮಿಡತೆ, ನೊಣ, ಹುಳುಗಳೇ. ಆ ನಾಲಗೆಯನ್ನಾದರೂ ಒಮ್ಮೆ ನೋಡಿ ಯೋಚಿಸಬಾರದೇ? ಕಣ್ಣು ಮಿಟುಕಿಸುವುದರೊಳಗೆ ಚಿಮ್ಮಿ ಹಿಂದಿರುಗುವ ಅಂಟುನಾಲಗೆ ಬಸಳೆಯನ್ನು ಹಿಡಿಯುವುದಕ್ಕೆಂದು ಬೆಳೆದದ್ದಲ್ಲ. ಬಸಳೆ ಎಲ್ಲಿಗೂ ಓಡಿಹೋಗುವುದಿಲ್ಲ.

ಹಾಗಾದರೆ ಈ ಸೊಪ್ಪಿನ ಮಾತು ಎಲ್ಲಿಂದ ಬಂತು? ಯೆಮನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗದಲ್ಲಿ ತಲೆಯ ಮೇಲೆ ಎತ್ತರದ ಶಿಖೆಯುಳ್ಳ ಒಂದು ಜಾತಿಯ ಗೋಸುಂಬೆಯಿದೆ. ಜಗತ್ತಿನಾದ್ಯಂತ ಸಾಕುಪ್ರಾಣಿಯಾಗಿ ಮಾರಾಟವಾಗುವ ಗೋಸುಂಬೆಗಳಲ್ಲಿ ಅದೂ ಒಂದು. ಹುಳುಗಳ ಜೊತೆಗೆ ಅದು ಎಲೆ, ಹೂವುಗಳನ್ನೂ ಕಚ್ಚುತ್ತದೆ. ಏಕೆಂಬ ವಿಷಯದಲ್ಲಿ ತಜ್ಞರಲ್ಲಿಯೇ ಒಮ್ಮತವಿಲ್ಲ. ಅದನ್ನು ಸಾಕುವವರಿಗಾಗಿ ಸಿದ್ಧವಾದ ಸೊಪ್ಪಿನ ಪಟ್ಟಿಯೇ ಅಂಗಡಿಯವರ ಕೈಯಿಂದ ಕೈಗೆ ದಾಟಿ, ಜಾತಿಯ ಹೆಸರು ಕಳಚಿಕೊಂಡು, "ಗೋಸುಂಬೆಗೆ ಸೊಪ್ಪು" ಎಂದಷ್ಟೇ ಆಗಿ ನಮ್ಮೂರಿಗೆ ಬಂದಿದೆ. ಮಾರುವವನ ಮಾತಿಗೆ ಮಾರುವವನ ಪಟ್ಟಿಯೇ ಆಧಾರ. ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿಯೆಂದ ಹಾಗೆ. ಯೆಮನ್ನಿನ ಗೋಸುಂಬೆಗೂ ಸೊಪ್ಪೆನ್ನುವುದು ಊಟದೆಲೆಯ ತುದಿಯಲ್ಲಿ ಬಡಿಸುವ ಕೋಸಂಬರಿಯಷ್ಟೇ, ಅನ್ನವಲ್ಲ.

ಸಸ್ಯಾಹಾರದ ವಾದಕ್ಕೆ ಬರುತ್ತೇನೆ. "ಅನಂತಪುರದ ಬಬಿಯಾ ನೈವೇದ್ಯದ ಅನ್ನ ತಿಂದೇ ಬದುಕಲಿಲ್ಲವೇ?" ಎಂದು ಒಬ್ಬರು ನನ್ನ ಬಾಯಿ ಮುಚ್ಚಿಸಲು ನೋಡಿದರು. ಕುಂಬಳೆ ಸಮೀಪದ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದು 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಆ ಮೊಸಳೆಯ ಮೇಲೆ ಭಕ್ತರಿಗಿದ್ದ ಪ್ರೀತಿಯನ್ನು ನಾನು ಗೌರವಿಸುತ್ತೇನೆ. ಆದರೆ ಬಬಿಯಾನಿಗೆ ಒಂದು ಕೆರೆಯಿತ್ತು, ಕೆರೆಯಲ್ಲಿ ಮೀನುಗಳಿದ್ದವು, ನೀರಿನಡಿಯ ಊಟದ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ. ನಿಮ್ಮ ಜಗಲಿಯ ಪಂಜರದಲ್ಲಿರುವ ಗೋಸುಂಬೆಗೆ ನೀವು ಹಾಕಿದ್ದನ್ನು ಬಿಟ್ಟರೆ ಬೇರೆ ಗತಿಯಿಲ್ಲ. ಮಿಡತೆಯ ಪ್ರಾಣ ಉಳಿಸಲು ಹೊರಟು ಗೋಸುಂಬೆಯನ್ನು ವಾರಗಟ್ಟಲೆ ಉಪವಾಸ ಕೆಡವುವುದನ್ನು ಅಹಿಂಸೆಯೆಂದು ಯಾವ ಧರ್ಮಶಾಸ್ತ್ರದ ಬಲದಿಂದ ಕರೆಯುತ್ತೀರಿ? ಹುಳು ಕೊಡಲು ಮನಸ್ಸೊಪ್ಪದಿದ್ದರೆ ಅದು ಆಕ್ಷೇಪಾರ್ಹವಲ್ಲ. ಅಂಥವರು ಹಸು ಸಾಕಲಿ, ಮೊಲ ಸಾಕಲಿ. ನಮ್ಮ ಮಡಿಯನ್ನು ಬಾಯಿಲ್ಲದ ಜೀವಿಯ ಹೊಟ್ಟೆಯ ಮೇಲೆ ಹೇರುವ ಅಧಿಕಾರ ಮಾತ್ರ ನಮಗಿಲ್ಲ.

ಇನ್ನು ಸೊಪ್ಪಿನ ಆಯ್ಕೆ. ಬಸಳೆ, ಹರಿವೆ, ಪಾಲಕ್ ನಮಗೆ ಒಳ್ಳೆಯವೇ. ಆದರೆ ಇವುಗಳಲ್ಲಿ ಆಕ್ಸಲೇಟು ಹೆಚ್ಚು. ಅದು ಸುಣ್ಣದಂಶವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ದಕ್ಕದಂತೆ ಮಾಡುತ್ತದೆ. ಸೆರೆಯಲ್ಲಿರುವ ಗೋಸುಂಬೆಗಳನ್ನು ಕಾಡುವ ದೊಡ್ಡ ಕಾಯಿಲೆಯೇ ಸುಣ್ಣದ ಕೊರತೆಯಿಂದ ಎಲುಬು ಮೆದುವಾಗಿ ಕಾಲು ಬಾಗುವುದು. ಕಿಟಕಿಯ ಗಾಜಿನೊಳಗಿಂದ ಬಿಸಿಲು ತೋರಿಸಿದರೂ ಪ್ರಯೋಜನವಿಲ್ಲ. ಡಿ ಜೀವಸತ್ವ ತಯಾರಾಗಲು ಬೇಕಾದ ನೇರಳಾತೀತ ಕಿರಣವನ್ನು ಗಾಜು ತಡೆಯುತ್ತದೆ. ಅದಕ್ಕೆಂದೇ ಇರುವ ದೀಪವನ್ನು ಉರಿಸೋಣವೆಂದರೆ ಆಷಾಢದ ಗಾಳಿಮಳೆಯಲ್ಲಿ ನಮ್ಮೂರಿನ ಕರೆಂಟಿನ ಕತೆ ನಿಮಗೂ ಗೊತ್ತು. ಕೆಸುವಿನ ಎಲೆಯ ವಿಚಾರವನ್ನು ಪತ್ರೊಡೆ ಮಾಡುವವರಿಗೆ ನಾನು ವಿವರಿಸಬೇಕಾಗಿಲ್ಲ. ಹುಳಿ ಹಾಕಿ ಬೇಯಿಸದೆ ನಾವೇ ಬಾಯಿಗಿಡುವುದಿಲ್ಲ. ಮನಿಪ್ಲಾಂಟ್ ಕೂಡ ಕೆಸುವಿನ ಕುಟುಂಬದ್ದೇ. ವಿದೇಶಗಳಲ್ಲಿ ಅನೇಕರು ಅದನ್ನು ಪಂಜರದಲ್ಲಿ ಬೆಳೆಸುತ್ತಾರೆ, ಆದರೆ ಹತ್ತಿ ಕೂರಲಿ, ಅಡಗಲಿ ಎಂದು, ಬಡಿಸುವುದಕ್ಕಲ್ಲ. ಕಣಗಿಲೆಯಂತೂ ವಿಷ, ಪೂಜೆಯ ಹೂವಿನ ಬುಟ್ಟಿಯಿಂದ ಅದು ಪಂಜರಕ್ಕೆ ಹೋಗಬಾರದು. ಯೆಮನ್ನಿನ ಜಾತಿಯದನ್ನು ಈಗಾಗಲೇ ಸಾಕಿರುವವರು ಒಂದು ಗಿಡವನ್ನೇ ಆರಿಸಬೇಕೆಂದಿದ್ದರೆ ಅಂಗಳದ ದಾಸವಾಳ ಸಾಕು. ಚಿಗುರನ್ನೂ ಹೂವನ್ನೂ ಅದು ತಿಂದರೆ ತೊಂದರೆಯಿಲ್ಲ.

ಆ ದಾಸವಾಳ ಎಲ್ಲಿಯದು ಎಂಬುದೂ ಮುಖ್ಯ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವಾಗ ಮೈಲುತುತ್ತ ಬೆರೆಸಿದ ಬೋರ್ಡೋ ದ್ರಾವಣ ಕೊನೆಗೆ ಮಾತ್ರ ಬೀಳುವುದಿಲ್ಲ, ಕೆಳಗಿನ ಬೇಲಿಯ ಗಿಡಗಳಿಗೂ ಬೀಳುತ್ತದೆ. ಮಲ್ಲಿಗೆಗೆ, ಅಲಸಂಡೆಗೆ ಕೀಟನಾಶಕ ಹೊಡೆಯುವವರ ಹಿತ್ತಿಲಿನ ಎಲೆಯೂ ಬೇಡ, ಅಲ್ಲಿ ಹಿಡಿದ ಮಿಡತೆಯೂ ಬೇಡ. ನರ್ಸರಿಯಿಂದ ತಂದ ಗಿಡವನ್ನು ಚೆನ್ನಾಗಿ ತೊಳೆದು, ಹೊಸ ಚಿಗುರು ಬರುವ ತನಕ ದೂರವಿಡಬೇಕು.

ಎಲೆಯ ನಿಜವಾದ ಉಪಯೋಗವನ್ನು ಯಾರೂ ನನ್ನಲ್ಲಿ ಕೇಳಲಿಲ್ಲ. ಗೋಸುಂಬೆಗೆ ಎಲೆಯೇ ಮನೆ, ಎಲೆಯೇ ನೀರಿನ ಚೆಂಬು. ಬಟ್ಟಲಿನಲ್ಲಿ ನಿಂತ ನೀರನ್ನು ಅದು ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ. ಎಲೆಯ ಮೇಲೆ ಹೊಳೆಯುವ ಹನಿಯನ್ನು ನೆಕ್ಕುತ್ತದೆ. ತುಂಬಿದ ಬಟ್ಟಲು ಪಕ್ಕದಲ್ಲಿದ್ದೂ ಬಾಯಾರಿ, ಕಣ್ಣು ಗುಳಿಬಿದ್ದು ಸಾಯುವ ಪ್ರಾಣಿಯನ್ನು ಕಂಡು "ಸೊಪ್ಪು ಹಿಡಿಸಲಿಲ್ಲ" ಎಂದುಕೊಳ್ಳುವವರಿದ್ದಾರೆ. ಕಪ್ಪಾದರೆ "ಬಣ್ಣ ಬದಲಿಸಿ ಆಟವಾಡುತ್ತಿದೆ" ಎಂದು ಮಕ್ಕಳನ್ನು ಕರೆದು ತೋರಿಸುತ್ತಾರೆ. ಗೋಸುಂಬೆ ಬಣ್ಣ ಬದಲಿಸುವುದು ನಮ್ಮ ಗೋಡೆಗೆ ಹೊಂದಿಕೊಳ್ಳಲೆಂದಲ್ಲ; ಬಿಸಿ, ಭಯ, ಸಿಟ್ಟುಗಳಿಗೆ ಅದರ ಚರ್ಮ ಹಾಗೆ ಸ್ಪಂದಿಸುತ್ತದೆ. ಮಗು ಚಪ್ಪಾಳೆ ತಟ್ಟುವ ಆ ಕಪ್ಪು ಬಣ್ಣ ಹಲವು ಬಾರಿ ಸಂಕಟದ ಬಣ್ಣ.

ಕಡೆಗೆ, ಸೊಪ್ಪಿಗಿಂತ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ: ಈ ಪ್ರಾಣಿ ನಿಮ್ಮ ಮನೆಯಲ್ಲಿ ಇರಬಹುದೇ? ನಮ್ಮ ದೇಶದ ಗೋಸುಂಬೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಂರಕ್ಷಿತ. ಬಯಲುಸೀಮೆಯ ರಸ್ತೆಬದಿಯಲ್ಲಿ ಸಿಕ್ಕಿತು, ಮಗ ಹಠ ಮಾಡಿದ, ಡಬ್ಬಿಯಲ್ಲಿ ಹಾಕಿ ಘಾಟಿ ಇಳಿಸಿ ತಂದೆವು ಎಂಬುದು ಕಾನೂನಿನ ಮುಂದೆ ಉತ್ತರವಾಗುವುದಿಲ್ಲ. ಯೆಮನ್ನಿನದು ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ 2ನೇ ಅನುಬಂಧದಲ್ಲಿದೆ. 2022ರ ತಿದ್ದುಪಡಿ ಮತ್ತು 2024ರ ಫೆಬ್ರವರಿಯ ನಿಯಮಗಳ ಪ್ರಕಾರ ಅಂಥ ಪ್ರಾಣಿಯನ್ನು ಇಟ್ಟುಕೊಂಡವರು ನೋಂದಾಯಿಸಬೇಕು. ಈ ಮಾತನ್ನು ಮಾರುವಾಗಲೇ ಹೇಳಿದ ಅಂಗಡಿಯವನನ್ನು ನಾನಿನ್ನೂ ಕಂಡಿಲ್ಲ.

ಸಾಕಲಾಗದೆಂದು ಕಂಡ ದಿನ ಕೊಲ್ಲೂರಿನ ಕಾಡಿಗೆ ಬಿಟ್ಟು ಕೈಮುಗಿದು ಬರುವುದೂ ತಪ್ಪು. ಅಮೆರಿಕದ ಫ್ಲಾರಿಡಾದಲ್ಲಿ ತಪ್ಪಿಸಿಕೊಂಡ, ಬಿಟ್ಟುಹೋದ ಯೆಮನ್ನಿನ ಗೋಸುಂಬೆಗಳು ಈಗ ಅಲ್ಲಿಯೇ ನೆಲೆಯೂರಿವೆ. ನಮ್ಮ ಬಯಲುಸೀಮೆಯ ಗೋಸುಂಬೆಯೂ ಮೂಕಾಂಬಿಕಾ ಅಭಯಾರಣ್ಯದ ಮಳೆಗೆ ಹುಟ್ಟಿದ್ದಲ್ಲ. ಕುಂದಾಪುರ, ಬೈಂದೂರು, ಶಂಕರನಾರಾಯಣಗಳಲ್ಲಿ ವಲಯ ಅರಣ್ಯ ಕಚೇರಿಗಳಿವೆ; ಎಲ್ಲಿ ಸಿಕ್ಕಿತೆಂಬುದನ್ನು ಮರೆಮಾಚದೆ ಹೇಳಿ ಅಲ್ಲಿಗೆ ಒಪ್ಪಿಸಬೇಕು. ಅವರು ಬರುವ ತನಕ ಗಾಳಿಯಾಡುವ ಬಲೆಯ ಪೆಟ್ಟಿಗೆಯಲ್ಲಿ ದಾಸವಾಳದ ಒಂದು ಕೊಂಬೆಯಿಟ್ಟು, ದಿನಕ್ಕೆ ಎರಡು ಮೂರು ಬಾರಿ ಎಲೆಗಳ ಮೇಲೆ ನೀರು ಚಿಮುಕಿಸಿ. ಮಕ್ಕಳನ್ನು ಸ್ವಲ್ಪ ದೂರದಲ್ಲೇ ನಿಲ್ಲಿಸಿ.