ಹಾಲೆಯ ಕಹಿಗೆ ಪರೀಕ್ಷೆಯಿಂದ ವಿನಾಯಿತಿ ಏಕೆ?

ಆಟಿ ಅಮಾವಾಸ್ಯೆಯ ದಿನ ತುಳುನಾಡಿನಲ್ಲಿ ಬೆಳಕು ಹರಿಯುವ ಮೊದಲೇ ಹಾಲೆ ಮರದ ಕೆತ್ತೆ ಮನೆ ಸೇರಿರುತ್ತದೆ. ಕಬ್ಬಿಣ ತಾಗಿಸುವಂತಿಲ್ಲ, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಅರೆದು ಹಿಂಡಿದ ರಸಕ್ಕೆ ಓಮ, ಕಾಳುಮೆಣಸು, ಬೆಳ್ಳುಳ್ಳಿ ಹಾಕಿ, ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಅದ್ದಿ, ಖಾಲಿ ಹೊಟ್ಟೆಗೆ ಕುಡಿಯುವುದು. ಕಹಿಯೆಂದರೆ ಆ ಕಹಿ! ಬಳಿಕ ಮೆಂತೆ ಗಂಜಿ. ಈ ಆಚರಣೆಯ ಮೇಲೆ ನನಗೆ ಸಿಟ್ಟಿಲ್ಲ. ಕತ್ತಲಲ್ಲಿ ಹಾಲೆಯೆಂದು ಕಾಸರಕದ ತೊಗಟೆ ಕೆತ್ತಿ ತಂದು ಜೀವಕ್ಕೆ ಕುತ್ತು ತಂದುಕೊಳ್ಳದಿದ್ದರೆ ಸಾಕು.

ನನ್ನ ತಕರಾರು ಶುರುವಾಗುವುದು ಅದೇ ಮರ ದೆಹಲಿಗೆ ಹೋಗಿ ಮಾತ್ರೆಯಾಗಿ ಮರಳಿದಾಗ. ಆ ಮಾತ್ರೆಯ ಹೆಸರು ಆಯುಷ್-64. ಹಾಲೆಯ ತೊಗಟೆ, ಕಟುಕರೋಹಿಣಿ, ಕಿರಾತಕಡ್ಡಿ, ಗಜ್ಜುಗದ ಬೀಜ, ಈ ನಾಲ್ಕು ಕಹಿಗಳ ಕೂಟ. ಕೇಂದ್ರ ಸರ್ಕಾರದ ಆಯುರ್ವೇದ ಸಂಶೋಧನಾ ಪರಿಷತ್ತು 1980ರಲ್ಲಿ ಇದನ್ನು ಮಲೇರಿಯಾ ಔಷಧವೆಂದು ಸಿದ್ಧಪಡಿಸಿತು. ಒಳ್ಳೆಯ ಕೆಲಸವೇ. ಗಿಡಮೂಲಿಕೆಯಲ್ಲಿ ಮಲೇರಿಯಾಕ್ಕೆ ಮದ್ದು ಹುಡುಕಬಾರದು ಎನ್ನುವವನಿಗೆ ಇತಿಹಾಸ ಗೊತ್ತಿಲ್ಲ. ಕ್ವಿನೈನ್ ಬಂದದ್ದು ಸಿಂಕೋನಾ ತೊಗಟೆಯಿಂದ, ಆರ್ಟಿಮಿಸಿನಿನ್ ಬಂದದ್ದು ಒಂದು ಚೀನೀ ಮೂಲಿಕೆಯಿಂದ.

ಆದರೆ ಹುಡುಕಿದ ಮೇಲೆ ಒರೆಗೆ ಹಚ್ಚಬೇಕಲ್ಲ? ಹಚ್ಚಿದ್ದಾರೆ. ದೆಹಲಿಯ ಮಲೇರಿಯಾ ಸಂಶೋಧನಾ ಕೇಂದ್ರದವರು ವೈವಾಕ್ಸ್ ಮಲೇರಿಯಾ ರೋಗಿಗಳಲ್ಲಿ ಕೆಲವರಿಗೆ ಆಯುಷ್-64, ಉಳಿದವರಿಗೆ ಕ್ಲೋರೋಕ್ವಿನ್ ಕೊಟ್ಟು ನೋಡಿದರು. ಫಲಿತಾಂಶ 2000ದಲ್ಲಿ ನಮ್ಮ ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು. 28ನೇ ದಿನಕ್ಕೆ ಕ್ಲೋರೋಕ್ವಿನ್ ನುಂಗಿದವರೆಲ್ಲ ಗುಣವಾಗಿದ್ದರು. ಆಯುಷ್-64 ನುಂಗಿದವರಲ್ಲಿ ಗುಣವಾದವರು ಅರ್ಧಕ್ಕಿಂತ ಕಡಿಮೆ. ಇದು ಯಾವುದೋ ವಿದೇಶಿ ಕಂಪನಿಯ ಪಿತೂರಿಯಲ್ಲ, ಸರ್ಕಾರದ್ದೇ ಸಂಸ್ಥೆ ಸರ್ಕಾರದ್ದೇ ಮಾತ್ರೆಗೆ ಕೊಟ್ಟ ಅಂಕ.

ಫೇಲಾದ ಹುಡುಗ ಮತ್ತೆ ಓದಿ ಪರೀಕ್ಷೆಗೆ ಕೂರಬೇಕು. ಈ ಹುಡುಗನಿಗೆ ಬೇರೆ ತರಗತಿಗೇ ಬಡ್ತಿ ಸಿಕ್ಕಿತು. 2021ರ ಏಪ್ರಿಲ್‌ನಲ್ಲಿ, ಜನ ಆಮ್ಲಜನಕಕ್ಕಾಗಿ ಬೀದಿ ಬೀದಿ ಅಲೆಯುತ್ತಿದ್ದಾಗ, ಆಯುಷ್ ಸಚಿವಾಲಯ ಇದೇ ಮಾತ್ರೆಯನ್ನು ಕೋವಿಡ್‌ಗೆ ಉಪಯುಕ್ತವೆಂದು ಘೋಷಿಸಿತು. ಹಾಗೆ ಘೋಷಿಸುವಾಗ 'ಮೂಲತಃ ಮಲೇರಿಯಾಕ್ಕೆ ರೂಪಿಸಿದ್ದು' ಎಂಬ ಮಾತನ್ನು ಯೋಗ್ಯತಾಪತ್ರದ ಹಾಗೆ ಮುಂದಿಟ್ಟರು. ಮಲೇರಿಯಾದಲ್ಲಿ ಅದಕ್ಕೆ ಏನಾಗಿತ್ತು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಇತ್ತ ರಾಷ್ಟ್ರೀಯ ಮಲೇರಿಯಾ ಚಿಕಿತ್ಸಾ ನೀತಿಯಲ್ಲಿ ಈ ಮಾತ್ರೆಗೆ ಜಾಗವೇ ಇಲ್ಲ. ಅಲ್ಲಿರುವುದು ವೈವಾಕ್ಸ್‌ಗೆ ಕ್ಲೋರೋಕ್ವಿನ್ ಮತ್ತು 14 ದಿನದ ಪ್ರೈಮಾಕ್ವಿನ್, ಫಾಲ್ಸಿಪಾರಮ್‌ಗೆ ಆರ್ಟಿಮಿಸಿನಿನ್ ಬೆರೆತ ಜೋಡಿ ಔಷಧ. ಒಂದೇ ಸರ್ಕಾರಕ್ಕೆ ಎರಡು ನಾಲಿಗೆ!

'ಸಾವಿರಾರು ವರ್ಷದ ಅನುಭವಕ್ಕಿಂತ ನಿಮ್ಮ ಪ್ರಯೋಗ ದೊಡ್ಡದೇ?' ಎಂದು ಕೇಳುವವರಿದ್ದಾರೆ. ಅವರು ಮಂಗಳೂರನ್ನು ನೋಡಲಿ. ವರ್ಷ ತಪ್ಪದೆ ಹಾಲೆ ಕಷಾಯ ಕುಡಿಯುವ ಊರು 1990ರ ದಶಕದಿಂದೀಚೆಗೆ ವರ್ಷಗಟ್ಟಲೆ ರಾಜ್ಯದ ಮಲೇರಿಯಾ ರಾಜಧಾನಿಯಂತಾಗಿತ್ತು. ಹೊರಗಿನಿಂದ ಬಂದ ಕಟ್ಟಡ ಕಾರ್ಮಿಕರು ಕಷಾಯ ಕುಡಿದವರಲ್ಲ, ಒಪ್ಪುತ್ತೇನೆ. ಆದರೆ ಚಳಿಜ್ವರದಲ್ಲಿ ನಡುಗಿದವರು ಅವರೊಬ್ಬರೇ ಅಲ್ಲ.

ಅನುಭವವನ್ನು ಗೌರವಿಸುವುದು ಹೇಗೆಂದು ತೋರಿಸಿದವರು ಆರ್ಟಿಮಿಸಿನಿನ್ ಕಂಡುಹಿಡಿದ ಚೀನಾದ ವಿಜ್ಞಾನಿ ತು ಯೂಯೂ. ವಿಯೆಟ್ನಾಂ ಯುದ್ಧದ ಕಾಲಕ್ಕೆ, 1967ರಲ್ಲಿ ಚೀನಾ ಗುಟ್ಟಾಗಿ ಆರಂಭಿಸಿದ ಮಲೇರಿಯಾ ಯೋಜನೆಯಲ್ಲಿ ಅವರ ತಂಡ ಸುಮಾರು 2,000 ಹಳೆಯ ಮದ್ದುಗಳನ್ನು ಜಾಲಾಡಿತು. ಒಂದು ಮೂಲಿಕೆಯ ಸಾರ ಒಮ್ಮೆ ಕೆಲಸ ಮಾಡಿ ಇನ್ನೊಮ್ಮೆ ಕೈಕೊಡುತ್ತಿತ್ತು. 4ನೇ ಶತಮಾನದ ಗೆ ಹೊಂಗ್‌ನ ಗ್ರಂಥ ತೆರೆದು ನೋಡಿದರೆ, ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿ ಎಂದಿದೆ, ಕುದಿಸು ಎಂದಿಲ್ಲ. ಬಿಸಿಗೆ ಮದ್ದೇ ಕೆಡುತ್ತಿದೆಯೇನೋ ಎಂದು ಅವರಿಗೆ ಹೊಳೆಯಿತು. ಕಡಿಮೆ ಶಾಖದಲ್ಲೇ ಆವಿಯಾಗುವ ಈಥರ್ ಬಳಸಿದರು. 1971ರ ಅಕ್ಟೋಬರ್‌ನಲ್ಲಿ 191ನೇ ಮಾದರಿ ಇಲಿಗಳ ರಕ್ತದಲ್ಲಿದ್ದ ಪರಾವಲಂಬಿಯನ್ನು ಪೂರ್ತಿ ತೊಡೆದುಹಾಕಿತು. ಅದಕ್ಕೆ ಹಿಂದಿನ 190 ಮಾದರಿಗಳನ್ನು ಅವರು ಮಾತ್ರೆ ಮಾಡಿ ಹಂಚಲಿಲ್ಲ. ಗೆದ್ದ ಸಾರವನ್ನೂ ರೋಗಿಗಳಿಗೆ ಕೊಡುವ ಮೊದಲು ತಾವೇ ಕುಡಿದು ನೋಡಿದರು. ನೊಬೆಲ್ ಬಂದದ್ದು 2015ರಲ್ಲಿ.

ನಮ್ಮಲ್ಲೂ ಇಂಥ ದಾರಿ ತುಳಿದವರಿದ್ದಾರೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಅದೇ ಆರ್ಟಿಮಿಸಿನಿನ್‌ನಿಂದ ಆರ್ಟೀಥರ್ ಚುಚ್ಚುಮದ್ದನ್ನು ತಯಾರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್ ಅವರ ತಂಡ ಆರ್ಟೀಥರ್ ಜೊತೆಗೆ ಅರಿಸಿನದ ಕರ್ಕ್ಯುಮಿನ್ ಕೊಟ್ಟಾಗ ಮಲೇರಿಯಾ ತಗುಲಿದ ಇಲಿಗಳು ಬದುಕುಳಿದವೆಂದು 2006ರಲ್ಲಿ ಪ್ರಕಟಿಸಿತು. ಅವರು ಹೇಳಿದ್ದು ಇಲಿಗಳ ಮಾತು, ಅದೂ ಜೋಡಿ ಔಷಧದ ಮಾತು. ಅರಿಸಿನದ ಹಾಲು ಕುಡಿದರೆ ಮಲೇರಿಯಾ ಓಡುತ್ತದೆ ಎಂಬ ಸಂದೇಶವನ್ನು ವಾಟ್ಸಾಪ್‌ಗೆ ಹಾಕಿದವರು ಬೇರೆ.

ಕಾಂಬೋಡಿಯಾದಲ್ಲಿ, ಈಗ ಪೂರ್ವ ಆಫ್ರಿಕಾದಲ್ಲೂ ಆರ್ಟಿಮಿಸಿನಿನ್‌ಗೆ ಸುಲಭವಾಗಿ ಬಗ್ಗದ ಪರಾವಲಂಬಿ ಕಾಣಿಸಿಕೊಂಡಿದೆ. ಹೊಸ ಮದ್ದು ಬೇಕೇ ಬೇಕು. ಅದು ಪಶ್ಚಿಮ ಘಟ್ಟದ ಯಾವುದೋ ತೊಗಟೆಯಲ್ಲಿರಬಹುದು, ಹಾಲೆಯಲ್ಲೇ ಇರಬಹುದು. ಹಾಗಿದ್ದರೆ ಅದರ ಒಂದೊಂದು ಅಂಶವನ್ನೂ ಬೇರ್ಪಡಿಸಿ, ಅಳೆದು, ಸೋತದ್ದನ್ನು ಸೋತಿತೆಂದು ಬರೆಯುವ ಪ್ರಯೋಗಾಲಯಕ್ಕೆ ದುಡ್ಡು ಕೊಡಿ. ಆಯುಷ್-64 ಮೇಲೆ ಅಷ್ಟು ನಂಬಿಕೆಯಿದ್ದರೆ ಮತ್ತೊಮ್ಮೆ ಪರೀಕ್ಷೆಗೆ ಕೂರಿಸಿ. ಇಲ್ಲವಾದರೆ ಮಲೇರಿಯಾದ ಹೆಸರನ್ನು ಅದರ ಮೇಲಿಂದ ಅಳಿಸಿ.

ಅಲ್ಲಿಯವರೆಗೆ ಓದುಗರಲ್ಲಿ ಒಂದೇ ವಿನಂತಿ. ಚಳಿ ಹತ್ತಿ ಜ್ವರ ಬಂದರೆ ಕಷಾಯಕ್ಕೆ ಕೆತ್ತೆ ಹುಡುಕಬೇಡಿ, ಬೆರಳು ಚುಚ್ಚಿಸಿಕೊಂಡು ರಕ್ತ ತೋರಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಮಾತ್ರೆಗೂ ದುಡ್ಡಿಲ್ಲ.