ಅಗ್ಗದ ಸವಾರಿವಿದ್ಯೆ

ಭಾನುವಾರದ ನಸುಕಿನಲ್ಲಿ ಗಂಗಾನಗರದ ಅಡ್ಡರಸ್ತೆಗಳು ಹಾಲಿನವನಿಗೂ ನನ್ನ ಸೋದರಳಿಯನಿಗೂ ಮೀಸಲು. ಹೊಸ ಮೋಟಾರ್‌ಸೈಕಲ್ಲಿಗೆ ಹಣವಿಲ್ಲ. ಭಾವನವರ ಹಳೆಯ ಯೆಜ್ಡಿಯಲ್ಲೇ ಅಭ್ಯಾಸ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದರೂ ಅದರ ಈ ಕೂಸು ಇನ್ನೂ ಗುಡುಗುತ್ತಿದೆ. ಒದ್ದು ಚಾಲೂ ಮಾಡುವ ಸನ್ನೆಯನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರು! ಹೀಗಾಗಿ ಮೊದಲ ವಾರ ಅವನು ಕಲಿತದ್ದು ಸವಾರಿಯನ್ನಲ್ಲ, ಗಾಡಿ ತಳ್ಳುವುದನ್ನು.

ಕಲಿಯುವವರ ಲೈಸೆನ್ಸಿನ ಆಯುಸ್ಸು ಆರು ತಿಂಗಳು. 30 ದಿನ ಕಳೆದರೆ ಪರೀಕ್ಷೆಗೆ ಹೋಗಬಹುದು. ಮೂವತ್ತೊಂದನೆಯ ದಿನವೇ ಹೊರಟಿದ್ದವನನ್ನು ನಾನೇ ತಡೆದೆ. ಎಂಟರ ಆಕಾರದಲ್ಲಿ ಸುತ್ತಿ ಬಂದರೆ ಪರೀಕ್ಷಕರು ಒಪ್ಪಿಯಾರು. ಬಳ್ಳಾರಿ ರಸ್ತೆಯಲ್ಲಿ ಪಕ್ಕದಲ್ಲೇ ಬಸ್ಸು ಹಾದಾಗ ಕೈ ನಡುಗದಿರಬೇಕಲ್ಲ?

ಉಳಿತಾಯದ ಹುರುಪಿನಲ್ಲಿ ಅವನು ಹೆಲ್ಮೆಟ್ಟನ್ನೂ ಎರವಲು ತಂದಿದ್ದ. ತಲೆಯ ಮೇಲೆ ಅದು ಮಡಕೆಯಂತೆ ತಿರುಗುತ್ತಿತ್ತು. ಅಕ್ಕ ಹಟ ಹಿಡಿದು, ಚೀಟಿಯ ಹಣದಲ್ಲಿ ಐಎಸ್‌ಐ ಮುದ್ರೆಯ ಹೊಸದನ್ನು ಕೊಡಿಸಿದಳು. ಮರುವಾರವೇ, ತಿರುವಿನ ಮರಳಿನ ಮೇಲೆ ಮುಂದಿನ ಬ್ರೇಕನ್ನು ಬಿಗಿಹಿಡಿದು ಉರುಳಿದ. ಮೊಣಕೈ ತರಚಿತು, ಕಲ್ಲಿಗೆ ಬಡಿದದ್ದು ಹೆಲ್ಮೆಟ್ಟು. ಒಮ್ಮೆ ಪೆಟ್ಟು ತಿಂದದ್ದನ್ನು ಮತ್ತೆ ಧರಿಸಬಾರದು. ಅಕ್ಕ ತುಟಿಪಿಟಕ್ಕೆನ್ನದೆ ಇನ್ನೊಂದನ್ನು ಕೊಂಡು ತಂದಳು.

ಪರೀಕ್ಷೆಗೆ ಇನ್ನೂ ದಿನ ಗೊತ್ತುಮಾಡಿಲ್ಲ. ಈ ಭಾನುವಾರ ಮಳೆ ಬಂದರೆ, ಒದ್ದೆ ರಸ್ತೆಯ ಅಭ್ಯಾಸವಂತೆ.